ಯೂರಿಯಾ, ನೀರು ಮತ್ತು ಹದ: ಭೀಮಾ ತೀರದ ಎರೆಮಣ್ಣಿನಲ್ಲಿ ಸಾರಜನಕದ ನಡೆ

ಉಜನಿ ಜಲಾಶಯದ ನೀರಾವರಿ ಬಂದ ಮೇಲೆ ಸೋಲಾಪುರ ಜಿಲ್ಲೆಯ ಎರೆಭೂಮಿಯಲ್ಲಿ ಜೋಳದ ಪಕ್ಕದಲ್ಲೇ ಕಬ್ಬು ಹಬ್ಬಿತು. ಕಬ್ಬಿನೊಡನೆ ಯೂರಿಯಾದ ಬಳಕೆಯೂ ಬೆಳೆಯಿತು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಆದರೆ ಹೊಲಕ್ಕೆ ಹಾಕಿದ ಸಾರಜನಕವೆಲ್ಲ ಬೆಳೆಗೆ ದಕ್ಕುವುದಿಲ್ಲ. ದಕ್ಕದ ಪಾಲು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನೀರೇ ನಿರ್ಧರಿಸುತ್ತದೆ.

ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಕೆಲವೇ ದಿನಗಳಲ್ಲಿ ಯೂರಿಯಾವನ್ನು ಅಮೋನಿಯಂ ಆಗಿ ಮಾರ್ಪಡಿಸುತ್ತದೆ. ಆಗ ಕಾಳಿನ ಸುತ್ತಲಿನ ಮಣ್ಣಿನ ಕ್ಷಾರಗುಣ ಏರುತ್ತದೆ. ಸುಣ್ಣದಂಶವುಳ್ಳ ಎರೆಮಣ್ಣು ಮೊದಲೇ ಕ್ಷಾರೀಯ. ಹೀಗಾಗಿ ಮೇಲೆ ಎರಚಿಬಿಟ್ಟ ಗೊಬ್ಬರದ ಒಂದು ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಸೇರುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಎರಡು ಮೂರು ಅಂಗುಲ ಆಳದಲ್ಲಿ ಹಾಕಿ ಮಣ್ಣು ಮುಚ್ಚಿದರೆ, ಧನ ವಿದ್ಯುದಂಶದ ಅಮೋನಿಯಂ ಋಣ ವಿದ್ಯುದಂಶದ ಜೇಡಿಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ.

ಆದರೆ ಆ ನಿಲುಗಡೆ ತಾತ್ಕಾಲಿಕ. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮೊದಲಾದ ಸೂಕ್ಷ್ಮಜೀವಿಗಳು ಗಾಳಿಯಾಡುವ ಮಣ್ಣಿನಲ್ಲಿ ಅಮೋನಿಯಂ ಅನ್ನು ನೈಟ್ರೇಟ್ ಆಗಿಸುತ್ತವೆ. ಋಣ ವಿದ್ಯುದಂಶದ ನೈಟ್ರೇಟನ್ನು ಜೇಡಿ ಹಿಡಿದಿಡಲಾರದು. ಅದು ನೀರಿನೊಡನೆ ಚಲಿಸುತ್ತದೆ. ಕಾಲುವೆಯ ನೀರನ್ನು ಅಗತ್ಯಕ್ಕಿಂತ ಹೆಚ್ಚು ಹಾಯಿಸಿದಾಗ ಅದು ಬೇರಿನ ವಲಯ ದಾಟಿ ಅಂತರ್ಜಲವನ್ನು ಸೇರುತ್ತದೆ. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಲದ ನಷ್ಟ ಹೀಗೆ ಊರಬಾವಿಯ ಪ್ರಶ್ನೆಯೂ ಆಗುತ್ತದೆ.

ನೀರು ಇಳಿಯದೆ ನಿಂತರೆ ಮತ್ತೊಂದು ನಷ್ಟ. ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಬಳಸಿ ಸಾರಜನಕ ಅನಿಲವನ್ನೂ ನೈಟ್ರಸ್ ಆಕ್ಸೈಡನ್ನೂ ಹೊರಬಿಡುತ್ತವೆ. ಎರಡನೆಯದು ಪ್ರಬಲ ಹಸಿರುಮನೆ ಅನಿಲ. ಬಸಿಗಾಲುವೆಯಿಲ್ಲದ ಎರೆಹೊಲದಲ್ಲಿ ಈ ಸ್ಥಿತಿ ಬೇಗ ಒದಗುತ್ತದೆ.

ಈ ಸ್ಥಿತಿಗಳಿಗೆ ಒಕ್ಕಲುತನದ ಕನ್ನಡದಲ್ಲಿ ಖಚಿತವಾದ ಹೆಸರುಗಳಿವೆ. ನೀರು ನಿಂತು ಕೆಟ್ಟ ನೆಲ ‘ಜವಳು’, ಲವಣ ಮೇಲೆದ್ದ ನೆಲ ‘ಸವಳು’. ಮಣ್ಣಿನ ರಂಧ್ರಗಳಲ್ಲಿ ತೇವವೂ ಗಾಳಿಯೂ ಸಮತೂಕದಲ್ಲಿರುವ ಹೊತ್ತು ‘ಹದ’; ಮರಾಠಿಯಲ್ಲಿ ಅದು ‘ವಾಫಸಾ’. ಗೊಬ್ಬರವನ್ನು ಹಲವು ಕಂತುಗಳಲ್ಲಿ, ಹದ ನೋಡಿ, ಬೇರಿನ ಬಳಿ ಕೊಡಬೇಕೆಂಬ ಶಿಫಾರಸಿನ ತಿರುಳು ಈ ಒಂದು ಪದದಲ್ಲಿದೆ. 2015ರಿಂದ ದೇಶೀಯ ಯೂರಿಯಾಕ್ಕೆ ಕಡ್ಡಾಯವಾದ ಬೇವಿನ ಲೇಪನವು ನೈಟ್ರೇಟ್ ಆಗುವ ವೇಗವನ್ನು ತಗ್ಗಿಸುತ್ತದೆ. ಹದ ಮೀರಿ ಹಾಯಿಸಿದ ನೀರಿಗೆ ಅದು ಪರಿಹಾರವಲ್ಲ.

ಗಡಿಯಾಚೆಯ ಕನ್ನಡ ಒಕ್ಕಲಿಗನಿಗೆ ಕೃಷಿ ಸಲಹೆ ರಾಜ್ಯಭಾಷೆಯಲ್ಲಿ ತಲುಪುವಾಗ ಎಕರೆಗೆ ಎಷ್ಟು ಕಿಲೋ ಎಂಬ ಅಂಕಿ ಸುಲಭವಾಗಿ ದಾಟಿಬರುತ್ತದೆ. ಯಾವಾಗ, ಎಂಥ ತೇವದಲ್ಲಿ ಎಂಬ ವಿವೇಕ ದಾಟಬೇಕಾದರೆ ‘ವಾಫಸಾ’ ಮತ್ತು ‘ಹದ’ ಒಂದೇ ಎಂದು ಬಲ್ಲವರು ನಡುವೆ ಇರಬೇಕು. ಮನೆಮಾತಿನಿಂದ ‘ಹದ’ ಜಾರಿದರೆ ನಿಘಂಟಿನ ಒಂದು ನಮೂದಿನ ಜೊತೆಗೆ ಹೊಲದ ಸಾರಜನಕವೂ ಕೈಬಿಡುತ್ತದೆ.