ನಿಮಗಿದು ಗೊತ್ತೇ? ಅಜ್ಜನ ಯುದ್ಧ ಪದಕಗಳು

ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ಎರಡನೆಯದರಲ್ಲಿ ಸುಮಾರು 25 ಲಕ್ಷ. ಅವರ ಪದಕಗಳಲ್ಲಿ ಎಷ್ಟೋ ಇಂದಿಗೂ ಟ್ರಂಕಿನ ತಳದಲ್ಲಿವೆ. ನಿಮ್ಮ ಮನೆಯಲ್ಲೂ ಇದ್ದರೆ ಇದನ್ನು ಓದಿ.

● ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೊದಲ ಮಹಾಯುದ್ಧದ ದುಂಡು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಪಡೆ ಎಲ್ಲವೂ ಅಚ್ಚಾಗಿರುತ್ತವೆ. ನಕ್ಷತ್ರಾಕಾರದ ಪದಕವಾದರೆ ಹಿಂಬದಿ ನೋಡಿ.

● ಎರಡನೇ ಮಹಾಯುದ್ಧದ ಸೇವಾ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರು ಕೆತ್ತಿಸದೆಯೇ ಕೊಟ್ಟಿತು. ಆದರೆ ಭಾರತೀಯ ಸೈನಿಕರ ಪದಕಗಳ ಮೇಲೆ ಸಾಮಾನ್ಯವಾಗಿ ಹೆಸರು ಇರುತ್ತದೆ.

● ಬೆಳ್ಳಿಗಿಂತ ಕಂಚೇ ಅಪರೂಪ! 1914-20ರ ಬ್ರಿಟಿಷ್ ಯುದ್ಧ ಪದಕ ಬೆಳ್ಳಿಯದು. ಭಾರತ, ಚೀನಾ, ಮಾಲ್ಟಾ ದೇಶಗಳ ಶ್ರಮಿಕ ದಳದವರಿಗೆ ಅದನ್ನೇ ಕಂಚಿನಲ್ಲಿ ಕೊಟ್ಟರು. ಅಂಥವು ಸುಮಾರು 1.1 ಲಕ್ಷ ಮಾತ್ರ.

● 1980ರ ಹೊತ್ತಿಗೆ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಆ ಬೆಳ್ಳಿ ಪದಕಗಳು ರಾಶಿರಾಶಿಯಾಗಿ ಕರಗಿಹೋದವು. ತೂಕಕ್ಕೆ ಮಾರಿದ ಪದಕದ ಜೊತೆ ಒಂದು ಹೆಸರೂ ಅಳಿಯಿತು.

● ವಿಭೂತಿ, ಹುಣಸೆಹಣ್ಣು, ಪಾಲಿಶ್ ಯಾವುದನ್ನೂ ಪದಕಕ್ಕೆ ಹಚ್ಚಬೇಡಿ. ಪ್ರತಿ ಸಲ ಉಜ್ಜಿದಾಗಲೂ ಲೋಹದ ತೆಳು ಪದರ ಹೋಗುತ್ತದೆ. ಅಂಚಿನ ಅಕ್ಷರ ಸವೆಯುತ್ತದೆ. ಮೆತ್ತನೆಯ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

● ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ಅದು ಗಾಳಿಯಲ್ಲಷ್ಟೇ ಅಲ್ಲ, ಉಣ್ಣೆಬಟ್ಟೆಯಲ್ಲೂ ರಬ್ಬರ್ ಬ್ಯಾಂಡಿನಲ್ಲೂ ಇದೆ. ಬೆವರಿನ ಬೆರಳಚ್ಚು ಕೂಡ ಲೋಹವನ್ನು ತಿನ್ನುತ್ತದೆ. ಕೈಗವಸು ತೊಟ್ಟು, ಅಂಚು ಹಿಡಿದು ಎತ್ತಿ.

● ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದೆಯೇ? ಅದು ಲೋಹವನ್ನು ಒಳಗೊಳಗೇ ಕೊರೆಯುವ ಕಿಲುಬು. ತೇವ ಇರುವವರೆಗೂ ಅದು ನಿಲ್ಲದು. ಆ ಪದಕವನ್ನು ಬೇರೆಯಾಗಿ, ಒಣಜಾಗದಲ್ಲಿಟ್ಟು ತಜ್ಞರಿಗೆ ತೋರಿಸಿ.

● ಪಿವಿಸಿ ಪ್ಲಾಸ್ಟಿಕ್ ಲಕೋಟೆ ಹಳತಾದಂತೆ ಆಮ್ಲ ಬಿಡುತ್ತದೆ. ಹಸಿ ಮರ, ಪ್ಲೈವುಡ್ ಪೆಟ್ಟಿಗೆಗಳೂ ಅಷ್ಟೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

● ರಿಬ್ಬನ್ನಿನ ಮಾಸಿದ ಬಣ್ಣ ಮರಳಿ ಬಾರದು. ಬಟ್ಟೆಯಂಥ ವಸ್ತುಗಳಿಗೆ ಮ್ಯೂಸಿಯಂಗಳು ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ. ರಿಬ್ಬನ್ ಒಗೆಯಬೇಡಿ. ಜೀರ್ಣವಾಗಿದ್ದರೆ ಪ್ರದರ್ಶನಕ್ಕೆ ಹೊಸದು ಹಾಕಿ, ಹಳೆಯದನ್ನು ಎತ್ತಿಡಿ.

● ಮಲೆನಾಡು, ಕೊಡಗು, ಕರಾವಳಿಯ ಮಳೆಗಾಲದಲ್ಲಿ ಹೊರಗೋಡೆಗೆ ಚೌಕಟ್ಟು ತೂಗುಹಾಕಬೇಡಿ. ಒಳಗೋಡೆ, ಬಿಸಿಲು ತಾಗದ ಜಾಗ ಒಳ್ಳೆಯದು. ಗಾಜು ಪದಕಕ್ಕೆ ತಾಕಬಾರದು; ಅಂಟು ಬೇಡ, ದಾರದಿಂದ ಹೊಲಿಯಿರಿ.

● ಚೌಕಟ್ಟಿನಲ್ಲೂ ಕ್ರಮವಿದೆ. ಅತ್ಯುನ್ನತ ಪದಕ ನೋಡುವವರ ಎಡತುದಿಯಲ್ಲಿರಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಸೈನಿಕ ತನ್ನ ಪದಕವನ್ನು ಎಡ ಎದೆಗೆ ಧರಿಸುತ್ತಾನೆ. ಸ್ಮರಣೆಯ ದಿನ ವಂಶಸ್ಥರು ಬಲ ಎದೆಗೆ ಧರಿಸುತ್ತಾರೆ.

● ನಮ್ಮ ಅತ್ಯುನ್ನತ ಯುದ್ಧ ಪದಕ ಪರಮವೀರ ಚಕ್ರ ಚಿನ್ನದ್ದಲ್ಲ, ಕಂಚಿನದು. ಅದರ ಮೇಲೆ ಇಂದ್ರನ ವಜ್ರಾಯುಧದ ನಾಲ್ಕು ಪ್ರತಿರೂಪಗಳಿವೆ. ವಿನ್ಯಾಸ ಸಾವಿತ್ರಿ ಖಾನೋಲ್ಕರ್ ಅವರದು.

● ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸರ್ಗೋಧಾ ದಾಳಿಯಲ್ಲಿ ಹುತಾತ್ಮರಾದರು. ಶತ್ರುವಿನ ಸ್ಟಾರ್‌ಫೈಟರ್ ವಿಮಾನದೊಡನೆ ಅವರು ನಡೆಸಿದ ಕಾದಾಟ ವರ್ಷಗಳ ನಂತರವೇ ಬೆಳಕಿಗೆ ಬಂತು. ಮಹಾವೀರ ಚಕ್ರ ಸಂದದ್ದು 1988ರಲ್ಲಿ! ದಾಖಲೆಯ ಬೆಲೆ ಇದು. ಪದಕದೊಡನೆ ಸೇವಾ ಪುಸ್ತಕ, ಪತ್ರ, ಫೋಟೋಗಳನ್ನೂ ಕಾಪಾಡಿ.

● ತಜ್ಞರ ನೆರವು ಬೇಕೇ? ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಜೊತೆ ಸೇರಿ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಕಲಾ ಸಂರಕ್ಷಣಾ ಕೇಂದ್ರ ನಡೆಸಿದೆ. ಮಡಿಕೇರಿಯ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯವಾಗಿದೆ. ವೀರನ ಬದುಕನ್ನು ಹೇಗೆ ಜೋಡಿಸಿಡಬಹುದೆಂದು ಅಲ್ಲಿ ನೋಡಿ ಬನ್ನಿ.

ಈ ಭಾನುವಾರವೇ ಟ್ರಂಕು ತೆರೆಯಿರಿ. ಪದಕದ ಎರಡೂ ಬದಿ ಮತ್ತು ಅಂಚಿನ ಫೋಟೋ ತೆಗೆಯಿರಿ. ಅದು ಯಾರದು, ಯಾವ ರಣರಂಗದ್ದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಕಥೆ ಗೊತ್ತಿರುವವರು ಇರುವಾಗಲೇ ಈ ಕೆಲಸ ಆಗಬೇಕು.