ನಿಷೇಧದ ದಿನಗಳಲ್ಲೂ ಚೆಂಡು ಎಸೆದವ

ನಿಮಗೆ ಚೆನ್ನಾಗಿ ಬರುವ ಕೆಲಸ ಒಂದೇ ಒಂದು. ಅದನ್ನು ಇನ್ನು ಮುಂದೆ ಜೀವಮಾನವಿಡೀ ಮಾಡುವಂತಿಲ್ಲ ಎಂದು ಸರ್ಕಾರವೇ ಹೇಳಿಬಿಟ್ಟರೆ? ಅದೂ ತಮ್ಮ ದೇಶ ಬಿಟ್ಟುಹೋದ, ಹಾಗಾಗಿ ಅಣ್ಣನ ಮೇಲೂ ನಂಬಿಕೆಯಿಲ್ಲ ಎಂಬ ಅನುಮಾನದ ಮೇಲೆ! 1996ರಲ್ಲಿ ಕ್ಯೂಬಾದ ಬೇಸ್‌ಬಾಲ್ ಆಟಗಾರ ಓರ್ಲಾಂಡೊ ಹೆರ್ನಾಂಡೆಸ್‌ಗೆ ಆದದ್ದು ಇದೇ.

ಬೇಸ್‌ಬಾಲ್ ನಮಗೆ ಅಷ್ಟು ಪರಿಚಯದ ಆಟವಲ್ಲ. ಆದರೆ ನಮ್ಮಲ್ಲಿ ಕ್ರಿಕೆಟ್ ಹೇಗೋ ಕ್ಯೂಬಾದಲ್ಲಿ ಬೇಸ್‌ಬಾಲ್ ಹಾಗೆ. ಓರ್ಲಾಂಡೊ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಒಂದು ವ್ಯತ್ಯಾಸ, ಪಿಚರ್ ದೂರದಿಂದ ಓಡಿ ಬರುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು. ಓರ್ಲಾಂಡೊ ಎಸೆಯುವ ಮುನ್ನ ಎಡಗಾಲನ್ನು ಎಷ್ಟು ಎತ್ತರಕ್ಕೆ ಎತ್ತುತ್ತಿದ್ದನೆಂದರೆ ಮಂಡಿ ಹೆಚ್ಚುಕಡಿಮೆ ಮುಖಕ್ಕೆ ತಾಗುತ್ತಿತ್ತು. ಆತನ ಅಪ್ಪನೂ ಬೇಸ್‌ಬಾಲ್ ಆಟಗಾರ. ‘ಎಲ್ ಡೂಕೆ’ ಎಂಬ ಅಡ್ಡಹೆಸರು ಅಪ್ಪನಿಂದ ಮಗನಿಗೆ ಬಂತು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಡ್ಯೂಕ್.

ರಾಜಧಾನಿ ಹವಾನಾದ ‘ಇಂಡಸ್ಟ್ರಿಯಾಲೆಸ್’ ತಂಡಕ್ಕೆ ಆಡುತ್ತಿದ್ದ ಈತ ಕ್ಯೂಬಾದ ಲೀಗ್‌ನಲ್ಲಿ ಗೆದ್ದ ಪಂದ್ಯಗಳು 126, ಸೋತದ್ದು 47. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದ. ಆದರೆ ಫಿಡೆಲ್ ಕ್ಯಾಸ್ಟ್ರೊ ಸರ್ಕಾರ 1961ರಲ್ಲೇ ವೃತ್ತಿಪರ ಕ್ರೀಡೆಯನ್ನು ರದ್ದು ಮಾಡಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ ಸರ್ಕಾರ ಕೊಡುವ ಸಣ್ಣ ಸಂಬಳದಲ್ಲೇ ಬದುಕಬೇಕು. ಅಮೆರಿಕಕ್ಕೆ ಹೋಗಿ ಆಡಿದವನು ದೇಶದ್ರೋಹಿ.

ತಮ್ಮನಿಗೆ ಕಪ್, ಅಣ್ಣನಿಗೆ ಆಸ್ಪತ್ರೆ

1995ರಲ್ಲಿ ಓರ್ಲಾಂಡೊನ ಮಲತಮ್ಮ ಲಿವಾನ್ ಮೆಕ್ಸಿಕೊ ಪ್ರವಾಸದಲ್ಲಿದ್ದಾಗ ತಂಡದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ. ಅಲ್ಲಿಂದ ಅಣ್ಣನ ಮೇಲೆ ಕಣ್ಣಿಡಲಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ತಂಡದಿಂದ ಆತನನ್ನು ಕೈಬಿಟ್ಟರು. ಅದೇ ವರ್ಷ ಆಟಗಾರರನ್ನು ದೇಶ ಬಿಡಿಸಲು ಬಂದಿದ್ದ ಏಜೆಂಟ್ ಒಬ್ಬ ಕ್ಯೂಬಾದಲ್ಲಿ ಸಿಕ್ಕಿಬಿದ್ದ. ಅವನಿಗೆ 15 ವರ್ಷ ಜೈಲಾಯಿತು. ಬೆನ್ನಿಗೇ ಓರ್ಲಾಂಡೊ, ಶಾರ್ಟ್‌ಸ್ಟಾಪ್ ಹೆರ್ಮಾನ್ ಮೆಸಾ ಮತ್ತು ಕ್ಯಾಚರ್ ಆಲ್ಬರ್ಟೊ ಹೆರ್ನಾಂಡೆಸ್, ಈ ಮೂವರಿಗೂ ಆಜೀವ ನಿಷೇಧ ಬಿತ್ತು.

ದೇಶದ ಅತ್ಯುತ್ತಮ ಪಿಚರ್ ಹವಾನಾದ ಮನೋರೋಗ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ. ರೋಗಿಗಳಿಗೆ ವ್ಯಾಯಾಮ ಮಾಡಿಸುವುದು ಅವನ ಪಾಲಿನ ಕೆಲಸ. ಸಂಬಳ ತಿಂಗಳಿಗೆ ಹತ್ತು ಡಾಲರ್‌ಗಿಂತಲೂ ಕಡಿಮೆ. 1997ರ ಅಕ್ಟೋಬರ್‌ನಲ್ಲಿ ತಮ್ಮ ಲಿವಾನ್ 22ನೇ ವಯಸ್ಸಿಗೇ ಫ್ಲಾರಿಡಾ ಮಾರ್ಲಿನ್ಸ್ ತಂಡದ ಪರ ಆಡಿ, ವಿಶ್ವ ಸರಣಿಯ ಅತ್ಯುತ್ತಮ ಆಟಗಾರ ಎನಿಸಿಕೊಂಡ. ಆಗಲೂ ಅಣ್ಣ ಆಸ್ಪತ್ರೆಯಲ್ಲೇ ಇದ್ದ.

ನಿಷೇಧ ಬಿದ್ದ ಮೇಲೂ ಆತ ಅಭ್ಯಾಸ ಬಿಡಲಿಲ್ಲ. ಕ್ರೀಡಾಂಗಣದ ಬಾಗಿಲು ಮುಚ್ಚಿದರೇನು, ಬಡಾವಣೆಯ ಮೈದಾನಗಳಲ್ಲಿ ಸಿಕ್ಕವರ ಜೊತೆ ಆಡಿದ, ಓಡಿದ, ಎಸೆದ. ನೋಡಲು ಸೆಲೆಕ್ಟರ್‌ಗಳಿರಲಿಲ್ಲ, ಮುಂದೆ ಯಾವ ಟೂರ್ನಿಯೂ ಇರಲಿಲ್ಲ. ವಯಸ್ಸು ಮಾತ್ರ 32 ತುಂಬಿತ್ತು.

ದೋಣಿ ಮತ್ತು ಲೆಕ್ಕಾಚಾರ

1997ರ ಡಿಸೆಂಬರ್ 26ರಂದು ಓರ್ಲಾಂಡೊ ಇನ್ನೂ ಕೆಲವರ ಜೊತೆ ಕ್ಯೂಬಾದ ಉತ್ತರ ಕರಾವಳಿಯಿಂದ ಸಣ್ಣ ಮೀನುಗಾರಿಕೆ ದೋಣಿ ಹತ್ತಿದ. ಬಹಾಮಾಸ್‌ಗೆ ಸೇರಿದ, ಜನವಸತಿಯಿಲ್ಲದ ಒಂದು ನಡುಗಡ್ಡೆಯಲ್ಲಿ ದೋಣಿ ಅವರನ್ನು ಇಳಿಸಿತು. ಕೆಲವು ದಿನಗಳ ನಂತರ ಅಮೆರಿಕದ ಕರಾವಳಿ ಕಾವಲು ಪಡೆ ಅವರನ್ನು ಪತ್ತೆಹಚ್ಚಿತು. ಮುಂದೆ ಪತ್ರಿಕೆಗಳಲ್ಲಿ ಈ ದೋಣಿ ‘ನೀರು ತುಂಬುತ್ತಿದ್ದ ತೆಪ್ಪ’ವಾಯಿತು, ಸುತ್ತ ಶಾರ್ಕ್‌ಗಳೂ ಬಂದವು! ಕಥೆ ಬಾಯಿಂದ ಬಾಯಿಗೆ ಬೆಳೆಯುವುದು ಎಲ್ಲ ದೇಶಗಳಲ್ಲೂ ಒಂದೇ.

ಇಲ್ಲಿಂದ ಮುಂದಿನ ಭಾಗ ಕೆಲಸ ಹುಡುಕುವವರಿಗೆ ಇನ್ನೂ ಕುತೂಹಲಕಾರಿ. ಅಮೆರಿಕ ಓರ್ಲಾಂಡೊಗೆ ಮಾನವೀಯ ನೆಲೆಯಲ್ಲಿ ವೀಸಾ ಕೊಡಲು ಮುಂದಾಯಿತು. ಆತ ಬೇಡವೆಂದು ಕೋಸ್ಟರಿಕಾಗೆ ಹೋದ. ಜೀವ ಪಣಕ್ಕಿಟ್ಟು ಬಂದವನು ಬಾಗಿಲಲ್ಲಿ ನಿಂತು ಒಳಗೆ ಬರಲ್ಲ ಎಂದದ್ದೇಕೆ? ಕಾರಣ ನಿಯಮ. ನೇರವಾಗಿ ಅಮೆರಿಕಕ್ಕೆ ಬಂದ ಕ್ಯೂಬನ್ ಆಟಗಾರ ‘ಡ್ರಾಫ್ಟ್’ಗೆ ಒಳಪಡಬೇಕಿತ್ತು. ಅಂದರೆ ಯಾವ ತಂಡ ಆರಿಸುತ್ತದೋ ಆ ಒಂದು ತಂಡದ ಜೊತೆ ಮಾತ್ರ ಸಂಬಳದ ಮಾತು. ಬೇರೆ ದೇಶದ ನಿವಾಸಿಯಾಗಿ ಬಂದರೆ ಮುಕ್ತ ಆಟಗಾರ, 30 ತಂಡಗಳಲ್ಲಿ ಯಾರು ಬೇಕಾದರೂ ಬೆಲೆ ಕಟ್ಟಬಹುದು. ಒಂದೇ ಕಂಪನಿ ಬರುವ ಕ್ಯಾಂಪಸ್‌ಗೂ ಐಪಿಎಲ್ ಹರಾಜಿಗೂ ಇರುವ ವ್ಯತ್ಯಾಸ ಇದು. 1998ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ನಾಲ್ಕು ವರ್ಷಕ್ಕೆ 66 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಹುಟ್ಟಿದ್ದು 1965ರಲ್ಲಾದರೂ 1969 ಎಂದು ಹೇಳಲಾಗಿತ್ತು. 32ರ ಪಿಚರ್‌ಗಿಂತ 28ರ ಪಿಚರ್‌ಗೆ ಬೆಲೆ ಜಾಸ್ತಿ ತಾನೆ!

ನಾಯಿ ಕಚ್ಚಿದ ಅದೃಷ್ಟ

ಯಾಂಕೀಸ್ ಆತನನ್ನು ಮೊದಲು ಕಿರಿಯ ಲೀಗ್‌ಗೆ ಕಳಿಸಿತು. ಜೂನ್‌ನಲ್ಲಿ ತಂಡದ ಪಿಚರ್ ಡೇವಿಡ್ ಕೋನ್‌ನ ಬೆರಳನ್ನು ಅವನ ಅಮ್ಮ ಸಾಕಿದ್ದ ನಾಯಿ ಕಚ್ಚಿತು. ಬದಲಿಗೆ ಜೂನ್ 3ರಂದು ಓರ್ಲಾಂಡೊಗೆ ಕರೆ ಬಂತು. ಏಳು ಇನಿಂಗ್ಸ್‌ನಲ್ಲಿ ಒಂದೇ ರನ್ ಬಿಟ್ಟುಕೊಟ್ಟ. ಮತ್ತೆ ಕಿರಿಯ ಲೀಗ್‌ಗೆ ಕಳಿಸುವ ಮಾತೇ ಬರಲಿಲ್ಲ. ಅದೃಷ್ಟ ಎನ್ನಬಹುದು. ಆದರೆ ಆಸ್ಪತ್ರೆಯ ದಿನಗಳಲ್ಲಿ ಕೈ ಜಡ್ಡುಗಟ್ಟಿದ್ದರೆ ನಾಯಿ ಯಾರನ್ನು ಕಚ್ಚಿ ಏನು ಪ್ರಯೋಜನ?

ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರಿನ ಸರಣಿಯಲ್ಲಿ ಯಾಂಕೀಸ್ 1–2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯದಲ್ಲಿ ಓರ್ಲಾಂಡೊ ಏಳು ಇನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ತಂಡ ಗೆದ್ದು ಮುಂದೆ ವಿಶ್ವ ಸರಣಿಯನ್ನೂ ಗೆದ್ದಿತು. 1999, 2000ರಲ್ಲೂ ಯಾಂಕೀಸ್‌ಗೇ ಪ್ರಶಸ್ತಿ. 1999ರ ಒಂದು ಪಂದ್ಯದಲ್ಲಂತೂ ಹಿಡಿದ ಚೆಂಡು ಗ್ಲೌಸಿನಲ್ಲೇ ಸಿಕ್ಕಿಕೊಂಡಿತು. ಆತ ಗ್ಲೌಸ್ ಸಮೇತ ಚೆಂಡನ್ನು ಮೊದಲ ಬೇಸ್‌ಗೆ ಎಸೆದು ಬ್ಯಾಟರ್‌ನನ್ನು ಔಟ್ ಮಾಡಿದ! ಔಟಾದವನು ರೇ ಓರ್ಡೊನೆಸ್, ಆತನೂ ಕ್ಯೂಬಾ ಬಿಟ್ಟು ಬಂದವನೇ.

2005ರಲ್ಲಿ ಶಿಕಾಗೊ ವೈಟ್ ಸಾಕ್ಸ್‌ಗೆ ಆಡುವಾಗ ಆತನಿಗೆ ನಿಜವಾದ ವಯಸ್ಸು 40ರ ಹತ್ತಿರ. ಬೋಸ್ಟನ್ ಎದುರು ಮುನ್ನಡೆ ಒಂದೇ ರನ್. ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತಿದ್ದಾರೆ, ಒಬ್ಬರೂ ಔಟಾಗಿಲ್ಲ. ಆಗ ಎಲ್ ಡೂಕೆಯನ್ನು ಕರೆದರು. ಇಬ್ಬರಿಂದ ಸುಲಭ ಕ್ಯಾಚ್ ಎಬ್ಬಿಸಿದ, ಮೂರನೆಯವನನ್ನು ಸ್ಟ್ರೈಕ್‌ಔಟ್ ಮಾಡಿದ. ಒಂದೂ ರನ್ ಬರಲಿಲ್ಲ. ಆ ವರ್ಷ ಶಿಕಾಗೊ ತಂಡ 1917ರ ನಂತರ ಮೊದಲ ಸಲ ವಿಶ್ವ ಸರಣಿ ಗೆದ್ದಿತು.

ತೆತ್ತ ಬೆಲೆ

ಇದನ್ನು ಬರೀ ಗೆಲುವಿನ ಕಥೆಯಾಗಿ ಓದಿದರೆ ಅರ್ಧ ಓದಿದಂತೆ. ದೋಣಿ ಹತ್ತುವಾಗ ಆತ ಅಮ್ಮನನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಹವಾನಾದಲ್ಲಿ ಬಿಟ್ಟು ಬಂದಿದ್ದ. ಮತ್ತೆ ನೋಡುತ್ತೇನೋ ಇಲ್ಲವೋ ಎಂಬ ಖಾತರಿಯಿರಲಿಲ್ಲ. ನ್ಯೂಯಾರ್ಕಿನ ಕಾರ್ಡಿನಲ್ ಜಾನ್ ಓಕಾನರ್ ಮಧ್ಯಪ್ರವೇಶಿಸಿ ಕ್ಯಾಸ್ಟ್ರೊ ಅವರಿಗೆ ಮನವಿ ಮಾಡಿದರು. 1998ರ ಅಕ್ಟೋಬರ್‌ನಲ್ಲಿ ವಿಜಯ ಮೆರವಣಿಗೆಯ ಹೊತ್ತಿಗೆ ಮಕ್ಕಳು ಬಂದಿಳಿದರು. ಎಲ್ಲ ಆಟಗಾರರಿಗೂ ಕಾರ್ಡಿನಲ್ ಸಿಗುವುದಿಲ್ಲ.

ಜೊತೆಗೇ ನಿಷೇಧಕ್ಕೊಳಗಾದ ಮೆಸಾ ದೇಶ ಬಿಡಲಿಲ್ಲ. 1998ರಲ್ಲಿ ಆತನ ನಿಷೇಧ ತೆರವಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿ ಆಡಿದ, ಮುಂದೆ ಇಂಡಸ್ಟ್ರಿಯಾಲೆಸ್‌ನ ಮ್ಯಾನೇಜರ್ ಆದ. ಹಾಗಾಗಿ ಹೋದವನೇ ಜಾಣ, ಉಳಿದವನು ದಡ್ಡ ಎನ್ನಲು ನನಗೆ ಧೈರ್ಯವಿಲ್ಲ. ಆಟಗಾರರು ಕಳ್ಳದಾರಿ ಹಿಡಿಯದೆ ಕಾನೂನುಬದ್ಧವಾಗಿ ಅಮೆರಿಕದಲ್ಲಿ ಆಡಲೆಂದು 2018ರ ಡಿಸೆಂಬರ್‌ನಲ್ಲಿ ಎರಡೂ ಕಡೆಯ ಬೇಸ್‌ಬಾಲ್ ಸಂಸ್ಥೆಗಳು ಒಪ್ಪಂದ ಮಾಡಿಕೊಂಡವು. ನಾಲ್ಕೇ ತಿಂಗಳಲ್ಲಿ ಟ್ರಂಪ್ ಆಡಳಿತ ಅದನ್ನು ರದ್ದು ಮಾಡಿತು. ಒಬ್ಬ ಹುಡುಗನ ಪ್ರತಿಭೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಅವನಲ್ಲ, ಎರಡು ಸರ್ಕಾರಗಳು ತೀರ್ಮಾನಿಸುತ್ತಿವೆ.

ಎಲ್ ಡೂಕೆಯ ನಾಲ್ಕು ಚಾಂಪಿಯನ್‌ಷಿಪ್‌ಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ನಿಷೇಧಕ್ಕೂ ದೋಣಿಗೂ ನಡುವಿನ ಒಂದು ವರ್ಷಕ್ಕೂ ಮೀರಿದ ಕಾಲ. ಫಲಿತಾಂಶ, ಆಫರ್ ಲೆಟರ್, ನೇಮಕಾತಿಯ ಅಧಿಸೂಚನೆ ಎಂದು ಕಾಯುತ್ತಾ ಕುಳಿತವರಿಗೆ ಅಂಥ ಕಾಲದ ಪರಿಚಯವಿದೆ. ಏನೂ ಆಗುತ್ತಿಲ್ಲ ಎನಿಸುವ ಆ ದಿನಗಳಲ್ಲಿ ಆತ ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋದ, ಬಿಡುವಾದಾಗ ಚೆಂಡು ಎಸೆದ. ದಾರಿ ತೆರೆಯುತ್ತದೆ ಎಂದು ಅವನಿಗೆ ಯಾರೂ ಮಾತು ಕೊಟ್ಟಿರಲಿಲ್ಲ.