ಮಾತಿಲ್ಲದೆ ಮೂಡಿದ ಆರು ರಾಣಿಯರು

ವ್ಯಕ್ತಿಯೊಬ್ಬಳ ಸ್ವಭಾವವನ್ನು ಒಂದು ಪದವನ್ನೂ ಬಳಸದೆ ವಾದ್ಯದಿಂದಲೇ ತಿಳಿಸಬಹುದೆ? ಈ ಪ್ರಶ್ನೆಯನ್ನು ೧೯೭೩ರಲ್ಲಿ ಇಂಗ್ಲೆಂಡಿನ ಕೀಲಿವಾದ್ಯಗಾರ ರಿಕ್ ವೇಕ್‌ಮನ್ ಎತ್ತಿಕೊಂಡರು. ಆಗ ಅವರು 'ಯೆಸ್' ಎಂಬ ರಾಕ್ ವೃಂದದ ಸದಸ್ಯರು. ಅವರು ಸ್ವಂತವಾಗಿ ಹೊರತಂದ ಧ್ವನಿಮುದ್ರಿಕೆಯ ಹೆಸರು 'ದಿ ಸಿಕ್ಸ್ ವೈವ್ಸ್ ಆಫ್ ಹೆನ್ರಿ ದಿ ಎಯ್ಟ್ತ್'. ಎಂದರೆ ಎಂಟನೆಯ ಹೆನ್ರಿಯ ಆರು ಮಂದಿ ಪತ್ನಿಯರು.

ಹೆನ್ರಿಯ ಕಥೆ ನಿಮಗೆ ತಿಳಿದೇ ಇರಬಹುದು. ಆರು ಮಂದಿಯಲ್ಲಿ ಇಬ್ಬರ ವಿವಾಹ ರದ್ದಾಯಿತು. ಆನ್ ಬೊಲಿನ್ ೧೫೩೬ರಲ್ಲಿಯೂ ಕ್ಯಾಥರಿನ್ ಹೊವರ್ಡ್ ೧೫೪೨ರಲ್ಲಿಯೂ ಶಿರಚ್ಛೇದಕ್ಕೆ ಗುರಿಯಾದರು. ಜೇನ್ ಸೀಮೋರ್ ಮಗನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಕ್ಯಾಥರಿನ್ ಪಾರ್ ಒಬ್ಬಳೇ ರಾಜನ ಸಾವಿನವರೆಗೂ ಪತ್ನಿಯಾಗಿ ಉಳಿದಳು. ಲೋಕ ಇವರನ್ನು ನೆನೆಯುವುದು ಇವರಿಗೊದಗಿದ ಗತಿಯಿಂದ. ವೇಕ್‌ಮನ್ ಒಬ್ಬೊಬ್ಬಳಿಗೂ ಒಂದೊಂದು ಕೃತಿಯನ್ನು ಮೀಸಲಿಟ್ಟು, ಅವಳ ಹೆಸರನ್ನೇ ಅದಕ್ಕೆ ಕೊಟ್ಟರು.

ಇಲ್ಲಿ ಹಾಡಿನ ಸಾಹಿತ್ಯವಿಲ್ಲ. ಕೆಲವೆಡೆ ಕೇಳಿಬರುವ ಹೆಣ್ಣುಕಂಠಗಳೂ ವಾದ್ಯದಂತೆಯೇ ಬಳಕೆಯಾಗಿವೆ. ಪಿಯಾನೊ, ಹಾರ್ಪ್ಸಿಕಾರ್ಡ್, ಹ್ಯಾಮಂಡ್ ಆರ್ಗನ್, ಮೆಲ್ಲೊಟ್ರಾನ್, ಮಿನಿಮೂಗ್ ಇವೇ ಇಲ್ಲಿನ ಮುಖ್ಯ ಪಾತ್ರಗಳು. ನೋಟಕ್ಕೆ ಎಲ್ಲಕ್ಕೂ ಅವೇ ಕಪ್ಪು ಬಿಳಿ ಕೀಲಿಗಳು. ಒಳಗಿನ ಯಂತ್ರ ಮಾತ್ರ ಬೇರೆ ಬೇರೆ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತದೆ. ಹ್ಯಾಮಂಡಿನಲ್ಲಿ ಅಯಸ್ಕಾಂತದ ಬಳಿ ಸುತ್ತುವ ಲೋಹದ ಚಕ್ರಗಳಿಂದ ನಾದ ಹುಟ್ಟುತ್ತದೆ. ಮೆಲ್ಲೊಟ್ರಾನಿನ ಪ್ರತಿ ಕೀಲಿಯ ಕೆಳಗೂ ಮೊದಲೇ ಮುದ್ರಿಸಿದ ಟೇಪಿನ ತುಂಡೊಂದಿದೆ. ಒತ್ತಿಹಿಡಿದರೆ ಪಿಟೀಲುಗಳ ಅಥವಾ ಗಾಯಕವೃಂದದ ಧ್ವನಿ ಸುಮಾರು ಎಂಟು ಸೆಕೆಂಡು ಕೇಳಿ ನಿಂತುಹೋಗುತ್ತದೆ.

ಮಿನಿಮೂಗಿನ ವಿಷಯ ನಮಗೆ ಇನ್ನೂ ಹತ್ತಿರದ್ದು. ಹಾರ್ಮೋನಿಯಮ್ಮಿನ ಸ್ವರಗಳು ನಿಂತಲ್ಲೇ ನಿಲ್ಲುತ್ತವೆ, ಗಮಕಕ್ಕೆ ಬಾಗುವುದಿಲ್ಲ ಎಂಬ ಆಕ್ಷೇಪವುಂಟಷ್ಟೆ. ನಮ್ಮ ರೇಡಿಯೊ ೧೯೪೦ರಲ್ಲಿ ಅದನ್ನು ನಿಷೇಧಿಸಿತ್ತು. ೧೯೭೧ರಲ್ಲಿ ಆ ನಿಷೇಧ ಭಾಗಶಃ ಸಡಿಲವಾಯಿತು. ಹೆಚ್ಚುಕಡಮೆ ಅದೇ ಕಾಲಕ್ಕೆ, ೧೯೭೦ರಲ್ಲಿ, ಅಮೆರಿಕದಲ್ಲಿ ಮಿನಿಮೂಗ್ ಹೊರಬಂದಿತು. ಅದು ಒಮ್ಮೆಗೆ ಒಂದೇ ಸ್ವರವನ್ನು ನುಡಿಯುತ್ತದೆ. ಆದರೆ ಎಡಗೈ ಬಳಿ ಒಂದು ಚಕ್ರವಿದೆ. ಅದನ್ನು ತಿರುಗಿಸಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಕೀಲಿವಾದ್ಯಕ್ಕೆ ಹೀಗೆ ಕಂಠದ ಬಳುಕು ಸ್ವಲ್ಪಮಟ್ಟಿಗಾದರೂ ಒದಗಿತು.

ಆದರೆ ಇಲ್ಲಿ ಇತಿಹಾಸವನ್ನು ಹುಡುಕಹೊರಟರೆ ನಿರಾಶೆಯೇ ಗತಿ. ರಾಣಿಯರು ಕಾಲಾನುಕ್ರಮದಲ್ಲಿ ಬರುವುದಿಲ್ಲ. ಗದ್ದಲವಿಲ್ಲದೆ ವಿವಾಹದಿಂದ ಬಿಡುಗಡೆ ಪಡೆದು ನೆಮ್ಮದಿಯಾಗಿ ಬಾಳಿದ ಕ್ಲೀವ್ಸಿನ ಆನ್‌ಳಿಗೆ ಅಬ್ಬರದ ಲಯ ಸಂದಿದೆ. ಇವು ತಮ್ಮ ಮನಸ್ಸಿಗೆ ತೋರಿದ ವ್ಯಕ್ತಿಚಿತ್ರಗಳೆಂದೇ ವೇಕ್‌ಮನ್ ಹೇಳಿದ್ದಾರೆ. ಬೆರಳಿನ ವೇಗ ಕೆಲವೆಡೆ ಭಾವವನ್ನು ಹಿಂದಕ್ಕೆ ತಳ್ಳಿದೆ ಎಂದು ನಿಮಗೆ ತೋರಿದರೆ ಅದೂ ಅನ್ಯಾಯದ ಮಾತಲ್ಲ.

ಹೊಸಬರು ಮೊದಲು 'ಜೇನ್ ಸೀಮೋರ್' ಕೇಳುವುದು ಒಳ್ಳೆಯದು. ಇದರ ಆರ್ಗನ್ನನ್ನು ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಇಗರ್ಜಿಯಲ್ಲಿ ಮುದ್ರಿಸಿದರು. ಗಾಳಿ ತುಂಬಿದ ಕೊಳವೆಗಳ ಗಂಭೀರ ನಾದದ ಎದುರಿಗೆ ವಿದ್ಯುತ್ತಿನ ಸ್ವರಗಳು ಬಂದು ನಿಲ್ಲುವ ಪರಿಯನ್ನು ಗಮನಿಸಿ. ಬಳಿಕ 'ಆನ್ ಬೊಲಿನ್'. ಅದರ ಕೊನೆಗೆ, ಇಂಗ್ಲೆಂಡಿನ ಇಗರ್ಜಿಗಳಲ್ಲಿ ಸಂಜೆಯ ಹೊತ್ತು ಹಾಡುವ ಪ್ರಾರ್ಥನಾಗೀತೆಯ ಧಾಟಿ ಮೂಡುತ್ತದೆ. ಆ ಗೀತೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆನ್ ಅದನ್ನು ಕೇಳಿರಲಾರಳು. ಆದರೂ ಹಗಲು ಮುಗಿದು ದೀಪ ಹಚ್ಚುವ ವೇಳೆಯ ಆ ಧಾಟಿ, ಕತ್ತಿಗೆ ಕೊರಳೊಡ್ಡಿದ ಹೆಣ್ಣೊಬ್ಬಳನ್ನು ನಾಲ್ಕು ನೂರು ವರ್ಷಗಳಾಚೆಯಿಂದ ನಮ್ಮ ಬಳಿಗೆ ತರುತ್ತದೆ. ಪದಗಳ ಕೊರತೆ ಆಗ ನಿಮಗೆ ಕಾಣುವುದೋ ಇಲ್ಲವೋ, ಕೇಳಿ ನೋಡಿ.